ಊರೊಂದರ ನೆನಪು

ಪ್ರತಿಯೊಂದು ಊರಿಗೂ ಎರಡು ಬಗೆಯ ಇತಿಹಾಸಗಳುಂಟು. ಒಂದು, ಶಾಸನಗಳಲ್ಲಿ, ಕೋಟೆ ಕೊತ್ತಲಗಳಲ್ಲಿ, ಸರ್ಕಾರದ ಕಡತಗಳಲ್ಲಿ ಉಳಿದಿರುವ ಇತಿಹಾಸ. ಇನ್ನೊಂದು, ಊರಿನ ಜನರ ನೆನಪಿನಲ್ಲಿ ಉಳಿದಿರುವ ಇತಿಹಾಸ. ಮೊದಲನೆಯದನ್ನು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಎರಡನೆಯದನ್ನು ಬರೆದಿಡುವವರು ವಿರಳ. ಅದು ಅಜ್ಜ ಅಜ್ಜಿಯರ ಮಾತಿನಲ್ಲಿ ಬಾಳಿ, ಅವರೊಡನೆಯೇ ಕಣ್ಮರೆಯಾಗುತ್ತದೆ. ಈ ಎರಡನೆಯ ಇತಿಹಾಸದ ಬೆಲೆಯೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನನಗೆ ನನ್ನ ಊರೇ ಕಲಿಸಿತು. ಆದರೆ ಆ ಪಾಠವನ್ನು ನಾನು ಕಲಿತದ್ದು ಬಹಳ ತಡವಾಗಿ.

ಹಾಸನದಿಂದ ಮಂಗಳೂರಿನ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಮೊದಲು ಆಲೂರು ತಾಲ್ಲೂಕಿನ ಸೀಮೆ ಎದುರಾಗುತ್ತದೆ. ಬಯಲುಸೀಮೆ ಅಲ್ಲಿಗೆ ಮುಗಿಯುತ್ತದೆ. ಮಲೆನಾಡು ಇನ್ನೂ ಪೂರ್ತಿಯಾಗಿ ತೊಡಗಿರುವುದಿಲ್ಲ. ಗದ್ದೆಗಳ ನಡುವೆ ಅಲ್ಲಲ್ಲಿ ದಿಣ್ಣೆಗಳು, ದಿಣ್ಣೆಗಳ ಮೇಲೆ ಮರಗಳ ತೋಪು. ಮುಂದೆ ಸಾಗಿದಂತೆಲ್ಲ ದಿಣ್ಣೆಗಳು ಗುಡ್ಡಗಳಾಗುತ್ತವೆ, ಗುಡ್ಡಗಳು ಬೆಟ್ಟಗಳಾಗುತ್ತವೆ. ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು ಕಾಣತೊಡಗುತ್ತವೆ. ಹೇಮಾವತಿಯ ಸೇತುವೆಯನ್ನು ಮುಟ್ಟುವ ವೇಳೆಗೆ ನಾವು ಮಲೆನಾಡಿನೊಳಗೆ ಬಂದಿರುತ್ತೇವೆ. ಅದೇ ಸಕಲೇಶಪುರ. ಅಲ್ಲಿಂದ ಮುಂದೆ ರಸ್ತೆ ಶಿರಾಡಿ ಘಟ್ಟವನ್ನಿಳಿದು ಕರಾವಳಿಗೆ ಹೋಗುತ್ತದೆ.

ಈ ಸೀಮೆಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳಿದ್ದುವು. ಐಗೂರಿನ ಪಾಳೆಯಗಾರರು ಆಳುತ್ತಿದ್ದಾಗ ಇದಕ್ಕೆ ಬಲಂ ಎಂಬ ಹೆಸರಿದ್ದಿತು. 1792ರಲ್ಲಿ ಟಿಪ್ಪುಸುಲ್ತಾನನು ಇಲ್ಲಿಯ ಬೆಟ್ಟವೊಂದರ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಪೂರ್ಣಗೊಳಿಸಿದನು. ಆತನು ಕೋಟೆಯನ್ನು ನೋಡಲು ಬಂದಾಗ ಸುತ್ತಲೂ ಮಂಜು ಕವಿದಿದ್ದಿತೆಂದೂ, ಅದರಿಂದಲೇ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಬಂದಿತೆಂದೂ ಜನ ಹೇಳುತ್ತಾರೆ. ಬಹುಕಾಲ ತಾಲ್ಲೂಕಿಗೂ ಅದೇ ಹೆಸರಿದ್ದಿತು. ಊರಿನ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದುದು. ಹೊಳೆಯ ದಡದಲ್ಲಿ ಹೊಯ್ಸಳರ ಕಾಲದ ಸಕಲೇಶ್ವರ ದೇವಾಲಯವಿದೆ. ಅಲ್ಲಿಯ ಶಿವಲಿಂಗದಲ್ಲಿ ಸ್ವಲ್ಪ ಭಾಗ ಮುಕ್ಕಾಗಿದ್ದುದರಿಂದ ದೇವರಿಗೆ ‘ಶಕಲೇಶ್ವರ’ನೆಂದು ಹೆಸರಾಯಿತಂತೆ. ಸಂಸ್ಕೃತದಲ್ಲಿ ‘ಶಕಲ’ವೆಂದರೆ ಚೂರು, ತುಂಡು. ಜನರ ಬಾಯಿಯಲ್ಲಿ ಆ ‘ಶಕಲ’ವೇ ‘ಸಕಲ’ವಾಯಿತು, ಚೂರು ಎಂಬ ಅರ್ಥ ಹೋಗಿ ಎಲ್ಲವೂ ಎಂಬ ಅರ್ಥ ಬಂದಿತು. ಚಿಕ್ಕಂದಿನಲ್ಲಿ ಇದನ್ನು ಅಜ್ಜಿಯಿಂದ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಅದರಲ್ಲಿ ಚಿಂತಿಸಬೇಕಾದುದೇನಾದರೂ ಇದೆಯೆಂದು ಆಗ ನನಗೆ ಹೊಳೆದಿರಲಿಲ್ಲ.

ನನ್ನ ಬಾಲ್ಯ ಕಳೆದುದು 1960 ಮತ್ತು 70ರ ದಶಕಗಳಲ್ಲಿ. ಆ ಕಾಲದ ಸಕಲೇಶಪುರವನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಮಳೆ. ಆರಿದ್ರೆಯಿಂದ ಆಶ್ಲೇಷದವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪವಾಗಿದ್ದಿತು. ಮಳೆಗಾಲಕ್ಕೆ ಮುಂಚೆಯೇ ಪ್ರತಿ ಮನೆಯಲ್ಲೂ ಸೌದೆಯನ್ನು ಕಡಿದು ಒಟ್ಟುತ್ತಿದ್ದರು. ಹಪ್ಪಳ, ಉಪ್ಪಿನಕಾಯಿ, ಒಣಮೆಣಸಿನಕಾಯಿಗಳು ಭರಣಿ ಡಬ್ಬಗಳಲ್ಲಿ ಸೇರುತ್ತಿದ್ದುವು. ಬೆಂಕಿಪೆಟ್ಟಿಗೆ ಮೆತ್ತಗಾಗದಂತೆ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ಒಗೆದ ಬಟ್ಟೆ ಬಿಸಿಲಿಗೆ ಒಣಗುವ ಮಾತೇ ಇರಲಿಲ್ಲ. ಕೆಂಡದ ಮೇಲೆ ಬಿದಿರಿನ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಬಟ್ಟೆಯನ್ನು ಹರವಿ ಒಣಗಿಸುತ್ತಿದ್ದರು. ನಮ್ಮ ಅಂಗಿ ಚಡ್ಡಿಗಳಿಗೆಲ್ಲ ಹೊಗೆಯ ವಾಸನೆ. ಇಡೀ ತರಗತಿಗೇ ಆ ವಾಸನೆ ಇದ್ದುದರಿಂದ ಯಾರೂ ಯಾರನ್ನೂ ಹಾಸ್ಯ ಮಾಡುವಂತಿರಲಿಲ್ಲ.

ಶಾಲೆಗೆ ಹೋಗುವಾಗ ಕೆಲವರಿಗೆ ಕೊಡೆ. ಕೆಲವರಿಗೆ ಕಂಬಳಿಯ ಕೊಪ್ಪೆ. ಹಳ್ಳಿಗಳಿಂದ ಬರುವವರಲ್ಲಿ ಕೆಲವರು ಗೊರಬನ್ನು ಹೊದ್ದು ಬರುತ್ತಿದ್ದರು. ಗೊರಬೆಂದರೆ ಬಿದಿರಿನ ಹೆಣಿಗೆಗೆ ಎಲೆ ಹೊದಿಸಿ ಮಾಡಿದ, ತಲೆಯನ್ನೂ ಬೆನ್ನನ್ನೂ ಮುಚ್ಚುವ ಮಳೆಯ ಹೊದಿಕೆ. ಅದನ್ನು ತೊಟ್ಟವನು ದೂರದಿಂದ ನಡೆದುಬರುವ ಆಮೆಯಂತೆ ಕಾಣುತ್ತಿದ್ದ. ತರಗತಿಯಲ್ಲಿ ಕುಳಿತ ಮೇಲೆ ಮೊದಲು ನಡೆಯುತ್ತಿದ್ದ ಕೆಲಸ ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತೆಸೆಯುವುದು. ಹೆಂಚಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಮೇಷ್ಟರ ಮಾತು ಮುಂದಿನ ಸಾಲಿನವರಿಗೆ ಮಾತ್ರ ಕೇಳುತ್ತಿದ್ದಿತು.

ಮಳೆ ಮಿತಿಮೀರಿದಾಗ ಶಾಲೆಗೆ ರಜೆ ಸಾರುತ್ತಿದ್ದರು. ಅದು ನಮಗೆ ದೇವರು ಕೊಟ್ಟ ವರ. ಅಂದು ಅಡುಗೆಮನೆಯ ಒಲೆಯ ಮುಂದೆ ನಮ್ಮ ಸಭೆ ಸೇರುತ್ತಿದ್ದಿತು. ಬೇಸಗೆಯಲ್ಲಿ ಕೂಡಿಟ್ಟ ಹಲಸಿನ ಬೀಜಗಳನ್ನು ಕೆಂಡದಲ್ಲಿ ಸುಟ್ಟು, ಬೆರಳು ಸುಡುತ್ತಿದ್ದರೂ ಸಿಪ್ಪೆ ಸುಲಿದು ತಿನ್ನುತ್ತಿದ್ದೆವು. ಅಕ್ಕಿಯ ಕಡುಬು, ಕಳಲೆಯ ಪಲ್ಯ, ಕೆಸುವಿನ ಎಲೆಯ ಪತ್ರೊಡೆ, ಇವೆಲ್ಲ ಆ ದಿನಗಳ ಭಕ್ಷ್ಯಗಳು. ಅಜ್ಜಿ ಆಲೂರಿನ ಕಡೆಯವರು. ಕೆಂಚಮ್ಮನ ಹೊಸಕೋಟೆಯ ಕೆಂಚಮ್ಮನೂ ಹಾಸನದ ಹಾಸನಾಂಬೆಯೂ ಅಕ್ಕತಂಗಿಯರೆಂಬ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ನಮಗೆ ಬೇಸರ ಬರುತ್ತಿರಲಿಲ್ಲ. ಹೊರಗೆ ಜಡಿಮಳೆ, ಒಳಗೆ ಬೆಂಕಿಯ ಬೆಳಕು, ಅಜ್ಜಿಯ ಕಥೆ. ಸುಖವೆಂದರೆ ಇದೇ ಎಂದು ನಾನು ಬಹಳ ವರ್ಷಗಳವರೆಗೆ ತಿಳಿದಿದ್ದೆ.

ಮಳೆ ಕಳೆದರೆ ಊರಿಗೆ ಬೇರೆಯೇ ಕಳೆ. ಕಾರ್ತಿಕ ಕಳೆದ ಮೇಲೆ ಕಾಫಿಯ ಕೊಯ್ಲು. ತೋಟದ ಕಣಗಳಲ್ಲಿ ಕಾಫಿಯ ಹಣ್ಣು ಒಣಗುವ ಹುಳಿಮಿಶ್ರಿತ ವಾಸನೆ. ಮಾಘದಲ್ಲಿ ಸಕಲೇಶ್ವರಸ್ವಾಮಿಯ ರಥೋತ್ಸವ. ಆಮೇಲೆ ಹೂಮಳೆಯ ನಿರೀಕ್ಷೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಒಂದು ಹದವಾದ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಕಾಫಿಯ ಗಿಡಗಳೆಲ್ಲ ಒಮ್ಮೆಗೇ ಬೆಳ್ಳಗೆ ಹೂ ಬಿಡುತ್ತವೆ. ಆಗ ಗಾಳಿಯಲ್ಲಿ ಮಲ್ಲಿಗೆಯನ್ನು ಹೋಲುವ ಪರಿಮಳ. ಹೂಮಳೆ ತಪ್ಪಿದರೆ ಬೆಳೆಯೂ ತಪ್ಪಿತು. ಆದುದರಿಂದ ಆ ದಿನಗಳಲ್ಲಿ ಊರಿನಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ಮಳೆಯದೇ ಆಗಿರುತ್ತಿದ್ದಿತು. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿದ್ದಿತು. ಅದರ ಬೆಲೆ ಕಂತುಕಂತಾಗಿ ಬರುತ್ತಿದ್ದಿತು. ಕಂತು ಬಂದಿತೆಂಬ ಸುದ್ದಿ ಹಬ್ಬಿದರೆ ಜವಳಿ ಅಂಗಡಿಯವರ ಮುಖ ಅರಳುತ್ತಿದ್ದಿತು.

1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲುಮಾರ್ಗ ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರುಗಳ ಘಟ್ಟದ ದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. ಹಳಿಗಳನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಘಟ್ಟದ ರೈಲನ್ನು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಲು 2007ರ ಕೊನೆಯಾಯಿತು. ಮೊದಲ ಸಲ ಆ ರೈಲಿನಲ್ಲಿ ಕುಳಿತು ಘಟ್ಟವನ್ನಿಳಿದ ದಿನ ಕತ್ತಲೆಯೂ ಬೆಳಕೂ ಒಂದರ ಹಿಂದೊಂದು ಬಂದು ಹೋದುದು, ಸುರಂಗ ಬಂದೊಡನೆ ಮಕ್ಕಳೆಲ್ಲ ಕೂಗಿದುದು ನನಗೆ ಇನ್ನೂ ನೆನಪಿದೆ.

ಇಂತಹ ನೆನಪುಗಳನ್ನು ಹೇಳುವುದೆಂದರೆ ನನಗೆ ಬಲು ಪ್ರೀತಿ. ಕೆಲವು ವರ್ಷಗಳ ಹಿಂದೆ, ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟವೊಂದು ನಡೆಯಿತು. ನನ್ನನ್ನು ಮಾತನಾಡಲು ಕರೆದರು. ನಾನು ಮಳೆಯ ರಜೆಯನ್ನೇ ವಿಷಯವಾಗಿಟ್ಟುಕೊಂಡೆ. ಕೊಪ್ಪೆ, ಗೊರಬು, ಇಂಬಳ, ಹೊಗೆಯ ವಾಸನೆಯ ಅಂಗಿ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಎಲ್ಲವನ್ನೂ ವರ್ಣಿಸಿದೆ. “ಅಂದಿನ ಕಾಲವೇ ಕಾಲ! ನಮ್ಮ ಊರಿನಲ್ಲಿ ಬಡವ ಬಲ್ಲಿದರೆಲ್ಲರೂ ಒಂದೇ ಮಳೆಯಲ್ಲಿ ನೆನೆದು, ಒಂದೇ ಬಗೆಯ ಸುಖವನ್ನು ಉಂಡವರು” ಎಂದು ಮುಗಿಸಿದೆ. ಸಭೆ ಚಪ್ಪಾಳೆ ತಟ್ಟಿತು. ನನಗೂ ನನ್ನ ಮಾತು ಚೆನ್ನಾಯಿತೆನಿಸಿತು.

ಊಟದ ಹೊತ್ತಿನಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬರು ಹತ್ತಿರ ಬಂದರು. ನನ್ನ ಸಹಪಾಠಿಯೆಂದು ಹೇಳಿಕೊಂಡರು. ಹೆಸರು ಕೇಳಿದ ಮೇಲೆ ನನಗೆ ಮಸುಕಾಗಿ ನೆನಪಾಯಿತು: ಊರಿನ ಹೊರಗಿನ ತೋಟವೊಂದರ ಲೈನು ಮನೆಗಳಿಂದ ಬರುತ್ತಿದ್ದ ಹುಡುಗಿ, ಕೊನೆಯ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಲೈನು ಮನೆಗಳೆಂದರೆ ತೋಟದ ಕೂಲಿಗಾರರಿಗಾಗಿ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಆಕೆಯ ತಂದೆತಾಯಿಗಳು ಮೇಸ್ತ್ರಿಯೊಬ್ಬನ ಜೊತೆಯಲ್ಲಿ ಘಟ್ಟದ ಕೆಳಗಿನಿಂದ ಬಂದವರು. ಮನೆಯ ಮಾತು ತುಳು. ಕನ್ನಡವನ್ನು ಆಕೆ ಶಾಲೆಯಲ್ಲಿಯೇ ಕಲಿತದ್ದು.

“ಭಾಷಣ ಬಹಳ ಚೆನ್ನಾಗಿತ್ತು ಮೇಷ್ಟ್ರೇ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಮಳೆಯ ರಜೆ ಅಂದರೆ ನನಗೆ ಅಳು ಬರುತ್ತಿತ್ತು” ಎಂದರು.

“ಏಕೆ?” ಎಂದೆ.

“ರಜೆಯ ದಿನ ಉಪ್ಪಿಟ್ಟು ಇರುತ್ತಿರಲಿಲ್ಲವಲ್ಲ.”

ಆ ಕಾಲದಲ್ಲಿ ‘ಕೇರ್’ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ನೆರವಿನಿಂದ ರಾಜ್ಯದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ನಾನು ಮಧ್ಯಾಹ್ನ ಮನೆಗೆ ಹೋಗಿ ಉಂಡು ಬರುತ್ತಿದ್ದವನು. ಉಪ್ಪಿಟ್ಟಿನ ವಾಸನೆಯ ನೆನಪು ನನಗಿದ್ದಿತೇ ಹೊರತು, ಅದನ್ನು ಯಾರು ತಿನ್ನುತ್ತಿದ್ದರು ಎಂಬ ನೆನಪು ಇರಲಿಲ್ಲ. ಆಕೆ ನಿಧಾನವಾಗಿ ಹೇಳಿದರು. ಮಳೆ ಹೆಚ್ಚಾದರೆ ತೋಟದಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ದಿನ ಕೂಲಿಯಿಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟಿನಲ್ಲಿ ಅರ್ಧವನ್ನು ಆಕೆ ತಿಂದು, ಇನ್ನರ್ಧವನ್ನು ಎಲೆಯಲ್ಲಿ ಕಟ್ಟಿ ತಮ್ಮನಿಗೆ ಒಯ್ಯುತ್ತಿದ್ದರು. ರಜೆಯ ದಿನವೂ ಆ ಹುಡುಗ ಮಧ್ಯಾಹ್ನವಾಗುತ್ತಲೇ ಬಾಗಿಲಲ್ಲಿ ನಿಂತು, “ಅಕ್ಕಾ, ಎಲೆ ಎಲ್ಲಿ?” ಎಂದು ಕೇಳುತ್ತಿದ್ದನಂತೆ.

ನಾನು ತಲೆತಗ್ಗಿಸಿದೆ. ಅದನ್ನು ಕಂಡು ಆಕೆಯೇ ನನಗೆ ಸಮಾಧಾನ ಹೇಳಿದರು: “ನಿಮ್ಮ ತಪ್ಪೇನಿದೆ? ನೀವು ಕಂಡದ್ದನ್ನು ಹೇಳಿದಿರಿ. ನಮಗೂ ಸುಖದ ದಿನಗಳು ಇದ್ದವು. ಬಟವಾಡೆಯ ಮರುದಿನ ಸಂತೆಗೆ ಹೋಗುತ್ತಿದ್ದೆವು. ಅಮ್ಮ ಒಲೆಯ ಮುಂದೆ ಕುಳಿತು ಪಾಡ್ದನ ಹೇಳುತ್ತಿದ್ದಳು. ಅವನ್ನೂ ಯಾರಾದರೂ ಹೇಳಬೇಕಲ್ಲ, ಅದಕ್ಕೇ ಬಂದೆ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಸಭೆಯಲ್ಲಿ ಸುಳ್ಳು ಹೇಳಿರಲಿಲ್ಲ. ಹಲಸಿನ ಬೀಜ ನಿಜ, ಅಜ್ಜಿಯ ಕಥೆ ನಿಜ, ಒಲೆಯ ಬೆಚ್ಚನೆಯೂ ನಿಜ. ನನ್ನ ತಪ್ಪು ಇದ್ದುದು ಕೊನೆಯ ವಾಕ್ಯದಲ್ಲಿ. ನನ್ನ ಮನೆಯ ನೆನಪನ್ನು ನಾನು ಇಡೀ ಊರಿನ ನೆನಪೆಂದು ಹೇಳಿದ್ದೆ. ನನ್ನ ಕೈಯಲ್ಲಿದ್ದುದು ಒಂದು ಚೂರು. ಅದನ್ನು ನಾನು ಎಲ್ಲವೂ ಎಂದುಕೊಂಡಿದ್ದೆ. ಅಜ್ಜಿ ಹೇಳಿದ್ದ ‘ಶಕಲ’, ‘ಸಕಲ’ಗಳ ಕಥೆ ಐವತ್ತು ವರ್ಷಗಳ ಅನಂತರ ನನಗೆ ಅರ್ಥವಾಯಿತು.

ಇದು ನನ್ನೊಬ್ಬನ ತಪ್ಪಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಸೀಮೆಯ ಬಗೆಗಿನ ಹಳೆಯ ಬರವಣಿಗೆಯನ್ನೇ ನೋಡಿರಿ. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷರು ಮಂಜರಾಬಾದಿಗೆ ಬಂದು ಕಾಫಿಯ ತೋಟ ಮಾಡಿದರು. ತಮ್ಮ ಅನುಭವಗಳನ್ನು 1871ರಲ್ಲಿ ಒಮ್ಮೆ, 1894ರಲ್ಲಿ ಮತ್ತೊಮ್ಮೆ ಪುಸ್ತಕವಾಗಿ ಪ್ರಕಟಿಸಿದರು. ಆ ಕಾಲದ ಕಾಫಿಯ ಬೇಸಾಯ, ಕಾಡು, ಬೇಟೆಗಳ ವಿಚಾರವನ್ನು ತಿಳಿಯಬೇಕಾದರೆ ಇಂದಿಗೂ ಅವು ಬೆಲೆಯುಳ್ಳ ಪುಸ್ತಕಗಳು. ಆದರೆ ಅವು ತೋಟದ ಯಜಮಾನನು ಕಂಡ ಮಂಜರಾಬಾದನ್ನು ತೋರಿಸುತ್ತವೆ. ಅದೇ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಂಡಿ ತೋಡಿದವನು, ಹಣ್ಣು ಕೊಯ್ದವಳು ತಮ್ಮ ಮಂಜರಾಬಾದನ್ನು ಬರೆದಿಡಲಿಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರನ್ನು ಕೇಳಿ ಬರೆದುಕೊಂಡವರೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ತೋಟದ ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ವೈದ್ಯರ ನೆರವು, ಮಕ್ಕಳಿಗೆ ಶಿಕ್ಷಣದ ಸೌಕರ್ಯ ದೊರೆಯಬೇಕೆಂದು ಕಾಯಿದೆ ಬಂದಿತು. ಕಾಯಿದೆಯ ಮಾತುಗಳನ್ನು ನಾವು ಇಂದೂ ಓದಬಹುದು. ಆದರೆ ಜಡಿಮಳೆಯ ದಿನ ಲೈನು ಮನೆಯ ಒಳಗೆ ಹೇಗಿರುತ್ತಿದ್ದಿತೆಂಬುದನ್ನು ಅಲ್ಲಿ ಬಾಳಿದವರು ಮಾತ್ರ ಹೇಳಬಲ್ಲರು.

ಎಲಿಯಟ್ಟರ ನಾಡಿನಲ್ಲಿಯೂ ನೆನಪು ಹೀಗೆಯೇ ನಡೆದುಕೊಂಡಿದೆ. ಲಂಡನ್ ನಗರದ ಹಳೆಯ ದಿನಗಳನ್ನು ನೆನೆಯುವವರು ಅಲ್ಲಿಯ ದಟ್ಟವಾದ ಮಂಜನ್ನು ಸೊಗಸಾಗಿ ವರ್ಣಿಸುವುದುಂಟು: ಮಬ್ಬಿನಲ್ಲಿ ಮಿನುಗುವ ಬೀದಿಯ ದೀಪಗಳು, ಮನೆಯೊಳಗೆ ಕಲ್ಲಿದ್ದಲಿನ ಬೆಂಕಿಯ ಮುಂದಿನ ಸಂಜೆಗಳು. ಆದರೆ ಆ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆ ಬೆರೆತಿದ್ದಿತು. 1952ರ ಡಿಸೆಂಬರ್ 5ರಿಂದ ಐದು ದಿನಗಳ ಕಾಲ ಅದು ನಗರದ ಮೇಲೆ ಕದಲದೆ ನಿಂತಿತು. ಉಸಿರಾಟದ ತೊಂದರೆಯಿಂದ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರೆಂದು ಆಗ ಲೆಕ್ಕ ಹಾಕಿದರು. ಆ ಸಂಖ್ಯೆ ಇನ್ನೂ ಬಹಳ ಹೆಚ್ಚೆಂದು ಮುಂದಿನ ಅಧ್ಯಯನಗಳು ಹೇಳಿವೆ. 1956ರಲ್ಲಿ ಗಾಳಿಯನ್ನು ಶುದ್ಧವಾಗಿಡುವ ಕಾಯಿದೆ ಬಂದಿತು. ಬೆಂಕಿಯ ಮುಂದೆ ಬೆಚ್ಚಗೆ ಕುಳಿತಿದ್ದವನಿಗೆ ಅದು ಸುಂದರವಾದ ಮಂಜು. ಎದೆಯ ರೋಗದ ಮುದುಕನಿಗೆ ಅದೇ ಮೃತ್ಯು. ಇಬ್ಬರ ನೆನಪೂ ಸೇರಿದಾಗಲೇ ಅದು ಲಂಡನ್ನಿನ ನೆನಪು. ಇದನ್ನರಿತ ಅಲ್ಲಿಯ ವಿದ್ವಾಂಸರು ಗಣಿ ಕೆಲಸಗಾರರು, ಗಿರಣಿಯ ಹೆಂಗಸರು, ಮನೆಗೆಲಸದವರು ಮೊದಲಾದ ಸಾಮಾನ್ಯರ ನೆನಪುಗಳನ್ನು ಕೇಳಿ ದಾಖಲಿಸತೊಡಗಿದರು. 1973ರಲ್ಲಿ ಅದಕ್ಕಾಗಿಯೇ ಮೌಖಿಕ ಇತಿಹಾಸದ ಸಂಘವೊಂದು ಅಲ್ಲಿ ಹುಟ್ಟಿತು.

ಇಂತಹ ಕೆಲಸವನ್ನು ಮಾಡಲು ವಿದ್ವಾಂಸರೇ ಆಗಬೇಕಿಲ್ಲ, ನೀವೂ ಮಾಡಬಹುದು. ನಿಮ್ಮ ಊರಿನ ಹಿರಿಯರನ್ನು ಕೇಳಿರಿ. ಒಬ್ಬರನ್ನು ಕೇಳಿ ಸುಮ್ಮನಾಗದೆ, ಬೇರೆ ಬೇರೆ ಬೀದಿಗಳ, ಬೇರೆ ಬೇರೆ ಕಸುಬುಗಳ ಮೂವರನ್ನಾದರೂ ಕೇಳಿರಿ. “ಆ ಕಾಲ ಹೇಗಿತ್ತು?” ಎಂದು ಕೇಳಿದರೆ “ಬಹಳ ಚೆನ್ನಾಗಿತ್ತು” ಎಂಬ ಉತ್ತರ ಬಂದು ಮಾತು ನಿಂತುಹೋಗುತ್ತದೆ. ಅದರ ಬದಲು, ಮಳೆಗಾಲದಲ್ಲಿ ಏನು ಉಣ್ಣುತ್ತಿದ್ದಿರಿ, ರಾತ್ರಿ ಯಾವ ದೀಪ ಹಚ್ಚುತ್ತಿದ್ದಿರಿ, ನೀರನ್ನು ಎಲ್ಲಿಂದ ತರುತ್ತಿದ್ದಿರಿ, ಕೂಲಿ ಎಷ್ಟಿದ್ದಿತು, ಕಾಯಿಲೆ ಬಂದರೆ ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಕೇಳಿರಿ. ವಸ್ತುಗಳನ್ನು ಕುರಿತು ಕೇಳಿದರೆ ನೆನಪಿಗೆ ಚುರುಕು ಬರುತ್ತದೆ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಆಗ, ಅದು ಘಟ್ಟದ ರೈಲು ಬರುವುದಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಬೇಕು. ಮುಂಚೆ ಎಂದರೆ 1979ಕ್ಕಿಂತ ಹಿಂದಿನ ಸಂಗತಿಯೆಂದು ತಿಳಿಯಿತು. ಹೀಗೆ ಪುಸ್ತಕದ ಇತಿಹಾಸ ನೆನಪಿನ ಇತಿಹಾಸಕ್ಕೆ ಊರುಗೋಲಾಗುತ್ತದೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಹೊಂದದಿದ್ದರೆ ಎರಡನ್ನೂ ಬರೆದುಕೊಳ್ಳಿರಿ. ಬಹಳಷ್ಟು ಸಲ ಎರಡೂ ನಿಜವಾಗಿರುತ್ತವೆ.

ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಪೂರ್ಣವಾದುದೂ 1979ರಲ್ಲಿಯೇ. ಅದರಿಂದ ಎಷ್ಟೋ ಭೂಮಿಗೆ ನೀರು ದೊರೆಯಿತು. ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದುವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ನೀರಿನಲ್ಲಿ ನಿಂತು, ಬೇಸಗೆಯಲ್ಲಿ ಹೊರಗೆ ಕಾಣಿಸುತ್ತದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆದರೆ ನೀರಿನ ಅಡಿಯಲ್ಲಿರುವ ಹಳ್ಳಿಯ ಬೀದಿಗಳು, ಬಾವಿಗಳು, ಜಗಲಿಗಳು ಈಗ ಇರುವುದು ಅಲ್ಲಿ ಹುಟ್ಟಿ ಬೆಳೆದವರ ಮನಸ್ಸಿನಲ್ಲಿ ಮಾತ್ರ. ಅಂದು ಹತ್ತು ವರ್ಷದವರಾಗಿದ್ದವರು ಇಂದು ವೃದ್ಧರು. ಅವರನ್ನು ಯಾರೂ ಕೇಳದಿದ್ದರೆ ಆ ಹಳ್ಳಿಗಳು ಎರಡನೆಯ ಸಲ ಮುಳುಗುತ್ತವೆ.

ಕೂಟವಾದ ಮುಂದಿನ ತಿಂಗಳು ನಾನು ಆ ಸಹಪಾಠಿಯ ಮನೆಯನ್ನು ವಿಚಾರಿಸಿಕೊಂಡು ಹೋದೆ. ಒಂದು ನೋಟುಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದೆ. ಆಕೆಯ ತಮ್ಮನೂ ಅಂದು ಬಂದಿದ್ದರು. ಎಲೆಯಲ್ಲಿ ಕಟ್ಟಿ ತರುತ್ತಿದ್ದ ಉಪ್ಪಿಟ್ಟಿನ ಮಾತು ಬಂದಾಗ ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರಸಿಕೊಂಡರು. ಇಂದು ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ಅಕ್ಷರ ದಾಸೋಹವೆಂಬ ಹೆಸರಿನಲ್ಲಿ 2002ರಲ್ಲಿ ಆರಂಭವಾದ ಯೋಜನೆ ಅದು. ಅದನ್ನು ಉಣ್ಣುವ ಮಕ್ಕಳಿಗೆ ಈ ಅಕ್ಕ ತಮ್ಮಂದಿರ ಕಥೆ ಗೊತ್ತಿರಬೇಕೆಂದು ನನಗೆ ಅನ್ನಿಸಿತು. ಆಕೆ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಸಂಜೆಯ ಹೊತ್ತಿಗೆ ಹೊರಗೆ ಮಳೆ ಹಿಡಿಯಿತು. ಆಕೆ ಒಳಗೆ ಹೋಗಿ, ಹಲಸಿನ ಬೀಜಗಳನ್ನು ಸುಟ್ಟು ತಟ್ಟೆಯಲ್ಲಿ ತಂದಿಟ್ಟರು. “ತಿನ್ನಿ ಮೇಷ್ಟ್ರೇ, ಇದನ್ನೂ ಬರೆದುಕೊಳ್ಳಿ” ಎಂದರು.